ವಾಂಟ್ ಅಂದ್ರ ಬೇಕು

ಫಕೀರೇಶನಿಗೆ ಇಂಗ್ಲಿಷ್ ಬರುತ್ತದೆ ಎಂದು ತಾರಿಹಾಳದ ಆ ಬಿಜಾಗರಿ ಕಾರ್ಖಾನೆಯ ಎಪ್ಪತ್ತು ಜನರೂ ನಂಬಿದ್ದರು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ತಗಡಿನ ಬಿಜಾಗರಿಗಳನ್ನು ದಿನವಿಡೀ ಒತ್ತಿ ತೆಗೆಯುವ ಮಂದಿ, ಪಾಪ, ಅವರಿಗೆ ಏನು ಗೊತ್ತಾಗಬೇಕು. ನಾನು ಮಾತ್ರ ನಂಬಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಒಬ್ಬರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ತಿಳಿಯಲು ನನಗೆ ಎರಡು ಸಾಲು ಸಾಕು. ಫಕೀರೇಶನ ವಿಷಯದಲ್ಲಿ ಅಷ್ಟೂ ಬೇಕಾಗಿರಲಿಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಆಡಿಕೊಳ್ಳುವುದು ಬೇಡ. ಅವನು ನನ್ನ ವಿದ್ಯಾರ್ಥಿ. ರಾಯಾಪುರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ, ಒಂಬತ್ತನೇ ಇಯತ್ತೆಯ ಮೂರನೇ ಬೆಂಚಿನಲ್ಲಿ, ಗೋಡೆಗೆ ಆತು ಕೂರುತ್ತಿದ್ದ. ಈ ಸಂಗತಿಯನ್ನು ನಾನಾಗಿ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. "ದ್ರಾಕ್ಷಾಯಿಣಿ ಅಕ್ಕೋರ ಕೈಯಾಗ ಕಲ್ತಾಂವ ನಾನು" ಎಂದು ಅವನು ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅವನ ತಂದೆ ರಸ್ತೆ ಬದಿಯಲ್ಲಿ ದನಕ್ಕೆ ಮೇವು ಮಾರುತ್ತಿದ್ದ. ಹುಡುಗನ ತಲೆಯಲ್ಲಿ ವಿಶೇಷವೇನೂ ಇರಲಿಲ್ಲ, ಕೈಯಲ್ಲಿತ್ತು. ಅಕ್ಷರ ಅಚ್ಚು ಹಾಕಿದ ಹಾಗೆ ಬೀಳುತ್ತಿದ್ದವು. ಅರವತ್ತು ನೋಟ್‌ಬುಕ್ಕಿನ ರಾಶಿಯಲ್ಲಿ ಅವನದು ಬಂದರೆ ಕಣ್ಣಿಗೆ ತಂಪು. ಪಿಯುಸಿಯಲ್ಲಿ ಉಳಿದೆಲ್ಲ ವಿಷಯಗಳಲ್ಲಿ ಫೇಲಾಗಿ ಇಂಗ್ಲಿಷಿನಲ್ಲಿ ಮಾತ್ರ ಮೂವತ್ತೈದು ತೆಗೆದ. ಆ ಮೂವತ್ತೈದನ್ನೇ ಅವನು ದೊಡ್ಡ ಪದವಿ ಎಂದುಕೊಂಡ. ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ. ಹತ್ತು ವರ್ಷ ಅಲ್ಲೇ ಬಿಸಿಲಲ್ಲಿ ಕೂತು ಲಾರಿ ಎಣಿಸಿದ. ಹಾಗೇ ಉಳಿದಿದ್ದರೆ ಲೋಕಕ್ಕೆ ಒಳ್ಳೆಯದಿತ್ತು.

ಆದರೆ ಕಾರ್ಖಾನೆಯನ್ನು ಪುಣೆಯ ಒಂದು ಕಂಪನಿ ಕೊಂಡುಕೊಂಡಿತು. ಅಂದಿನಿಂದ ಬರುವ ಕಾಗದವೂ ಇಂಗ್ಲಿಷ್, ಹೋಗುವ ಕಾಗದವೂ ಇಂಗ್ಲಿಷ್. ಮೊದಲ ಪತ್ರ ಬಂದ ದಿನ ಆಫೀಸಿನಲ್ಲಿ ಯಾರಿಗೂ ಬಾಯಿ ಬರಲಿಲ್ಲವಂತೆ. ಗೇಟಿನಿಂದ ಫಕೀರೇಶ ಬಂದು ಅದನ್ನು ಗಟ್ಟಿಯಾಗಿ, ತಡವರಿಸದೆ, ಮೇಲಿಂದ ಕೆಳಗಿನವರೆಗೆ ಓದಿದನಂತೆ. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಓದಿದ್ದೇ ದೊಡ್ಡದಾಯಿತು. ಮರುದಿನವೇ ಅವನಿಗೆ ಆಫೀಸಿನೊಳಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಟ್ಟರು. ಕಿಸೆಗೆ ಎರಡು ಪೆನ್ನು ಬಂದವು, ತಲೆಗೆ ಕೊಂಬು ಬಂದವು.

ಅವನ ಇಂಗ್ಲಿಷಿನ ರೀತಿ ಹೀಗಿತ್ತು. ಉದ್ದದ ಶಬ್ದ ಕಂಡರೆ ಪ್ರಾಣ. 'ಹೆನ್ಸ್‌ಫೋರ್ತ್' ಇಲ್ಲದೆ ಅವನ ಪತ್ರ ಮುಗಿಯುತ್ತಿರಲಿಲ್ಲ. 'ವಿಲ್' ಎಂದು ಬರೆಯುವ ಕಡೆ ಎಲ್ಲ 'ವುಡ್' ಎಂದು ಬರೆಯುತ್ತಿದ್ದ. ಯಾಕೋ ಎಂದು ನಾನೊಮ್ಮೆ ಕೇಳಿದ್ದೆ. "ವುಡ್ ಅಂದ್ರ ದೊಡ್ಡೋರ ವಿಲ್ ಅಲ್ರಿ ಅಕ್ಕೋರ? ಮರ್ಯಾದಿ ಇರತೈತಿ" ಎಂದ. ಕೆಲಸಗಾರರ ರಜೆ ಅರ್ಜಿಗಳನ್ನೆಲ್ಲ ಅವನೇ ಬರೆಯುತ್ತಿದ್ದ. ಚಳಿಜ್ವರ ಬಂದು ನಡುಗುತ್ತಿದ್ದವನ ಪರವಾಗಿ 'ಐ ವುಡ್ ಬಿ ಹ್ಯಾವಿಂಗ್ ಫೀವರ್' ಎಂದು ಬರೆದ. ಜ್ವರಕ್ಕೂ ಮರ್ಯಾದೆ.

ಆಫ್ತಾಬ ಎನ್ನುವ ವೆಲ್ಡರ್‌ನ ಸೋದರಮಾವ ತೀರಿಕೊಂಡಾಗ ಇನ್ನೂ ಮಜಾ ಆಯಿತು. ಹಿರಿಯರ ಬಗ್ಗೆ ಮಾತಾಡುವಾಗ ನಾವು 'ಅವನು' ಅನ್ನುವುದಿಲ್ಲ, 'ಅವರು' ಅನ್ನುತ್ತೇವೆ. 'ಅವರು' ಎಂದರೆ 'ದೇ' ಎಂದು ಫಕೀರೇಶನ ಲೆಕ್ಕ. 'ಮೈ ಅಂಕಲ್ ಎಕ್ಸ್‌ಪೈರ್ಡ್, ದೇ ವರ್ ವೆರಿ ಗುಡ್' ಎಂದು ಬರೆದು ಕಳಿಸಿದ. ಸತ್ತವರು ಒಟ್ಟು ಎಷ್ಟು ಜನ ಎಂದು ಪುಣೆಯವರು ಗಾಬರಿಯಿಂದ ವಿಚಾರಿಸಿದರು, ಎರಡು ದಿನ ಕೇಳಿದವನಿಗೆ ನಾಲ್ಕು ದಿನ ರಜೆ ಕೊಟ್ಟರು. ಆ ಮೇಲಂತೂ ಕೆಲಸಗಾರರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ.

ಅವನ ಮೇಜಿನ ಖಾನೆಯಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆಯೆಂದೂ, ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿದ್ದಾನೆಂದೂ, ಅನುಮಾನ ಬಂದಾಗಲೆಲ್ಲ ಅದನ್ನೇ ತೆಗೆದು ನೋಡುತ್ತಾನೆಂದೂ ಕೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಎಂಬಂಥ ಯಾವುದೋ ಕಸ ನಕಲು ಮಾಡಿಕೊಂಡಿರಬೇಕು ಎಂದುಕೊಂಡೆ.

ಪ್ರತಿ ದಸರೆಗೆ ಬನ್ನಿ ಕೊಡಲು ಅವನು ನಮ್ಮ ಮನೆಗೆ ತಪ್ಪದೆ ಬರುತ್ತಿದ್ದ. ಬನ್ನಿ ಎಲೆ ಕೈಗಿಟ್ಟು, ಕಾಲು ಮುಟ್ಟಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದ: "ಅಕ್ಕೋರ, ಹೌ ವುಡ್ ಯು ಬಿ?" ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದು ಬನ್ನಿ ಇಸಿದುಕೊಂಡು, "ಆರಾಮ ಅದೇನಪಾ, ಹೋಗಿ ಬಾ" ಎಂದು ಕಳಿಸುತ್ತಿದ್ದೆ. ಒಳಗೆ ಕರೆದರೆ ಇನ್ನೆಷ್ಟು 'ವುಡ್' ಕೇಳಬೇಕಾಗುತ್ತದೋ ಎಂಬ ಭಯ.

ಇಷ್ಟೇ ಆಗಿದ್ದರೆ ನಕ್ಕು ಬಿಡುವ ಕಥೆ. ಹನುಮವ್ವನ ವಿಷಯ ಬಂದದ್ದರಿಂದ ಬರೆಯಬೇಕಾಯಿತು.

ಹನುಮವ್ವ ನಮ್ಮ ಹಿಂದಿನ ಓಣಿಯವಳು. ಗಂಡ ಇಲ್ಲ, ಏಳನೆಯ ಇಯತ್ತೆಯಲ್ಲಿ ಓದುವ ಮಗಳು ಸಾನ್ವಿ ಇದ್ದಾಳೆ. ಹನ್ನೊಂದು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಾಳೆ. ಆ ಯಂತ್ರಕ್ಕೆ ಮುಂದುಗಡೆ ಒಂದು ಜಾಲರಿ ಇರುತ್ತದೆ, ಅದಕ್ಕೆ ಗಾರ್ಡ್ ಅನ್ನುತ್ತಾರೆ. ಅದು ಇದ್ದರೆ, ಕೆಳಗಿಳಿದು ಮುಚ್ಚಿಕೊಂಡ ಮೇಲೆಯೇ ಪ್ರೆಸ್ ಬೀಳುತ್ತದೆ, ಹಾಗಾಗಿ ಕೈ ಸಿಗುವುದಿಲ್ಲ. ಆದರೆ ಜಾಲರಿ ಏರಿ ಇಳಿಯುವುದರಲ್ಲಿ ಹೊತ್ತು ಹೋಗುತ್ತದೆ. ಮಾಲು ಲಗೂ ಕಳಿಸಬೇಕೆಂದು ಒಂದು ಬೆಳಿಗ್ಗೆ ಸೂಪರ್‌ವೈಸರ್ ಉಡಚಪ್ಪ ಬಂದು ಅದನ್ನು ತೆಗೆದು ಕೆಲಸ ಮಾಡು ಎಂದ. ತೆಗೆದಳು. ಊಟದ ಗಂಟೆ ಹೊಡೆಯುವ ಮೊದಲೇ ಬಲಗೈಯ ಎರಡು ಬೆರಳುಗಳ ತುದಿ ಹೋದವು.

ಐದನೆಯ ದಿನ ವಿಚಾರಣೆ ನಡೆಯಿತು. ಹನುಮವ್ವ ಕನ್ನಡದಲ್ಲಿ ಹೇಳಿದಳು, ಫಕೀರೇಶ ಇಂಗ್ಲಿಷಿನಲ್ಲಿ ಬರೆದ, ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು, ಕಾಗದ ಪುಣೆಗೆ ಹೋಯಿತು. ಎರಡು ವಾರಕ್ಕೆ ಉತ್ತರ ಬಂತು. ಆ ಉತ್ತರ ಹಿಡಿದುಕೊಂಡು ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು.

"ಅಕ್ಕೋರ, ಇದನ್ನ ಒಂದೀಟು ಓದಿ ಹೇಳ್ರಿ. ಸಾನ್ವಿ ಓದಿದ್ಲು. ಓದಿ ಅಳಾಕತ್ತಾಳ, ಏನಂತ ಹೇಳವಲ್ಲಳು."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಗಾರ್ಡ್ ತೆಗೆಯುವ ಇಚ್ಛೆ ತನಗೆ ಇತ್ತೆಂದು ಕೆಲಸಗಾರ್ತಿ ತನ್ನ ಹೇಳಿಕೆಯಲ್ಲಿ ತಾನೇ ಒಪ್ಪಿಕೊಂಡಿದ್ದಾಳೆ; ಜೊತೆಯ ಕೆಲಸಗಾರರೂ ಇದರಲ್ಲಿ ಸೇರಿರುವಂತೆ ಕಾಣುತ್ತದೆ; ಆದ್ದರಿಂದ ಅವಳನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂಬುದಕ್ಕೆ ಗುರುವಾರ ಪುಣೆಯಿಂದ ಬರುವ ಅಧಿಕಾರಿಯ ಮುಂದೆ ಕಾರಣ ಹೇಳಬೇಕು. ಕೆಳಗೆ ಅವಳ ಹೇಳಿಕೆಯ ಪ್ರತಿ ಲಗತ್ತಿಸಿದ್ದರು. ಮುತ್ತಿನಂಥ ಅಕ್ಷರದಲ್ಲಿ ಎರಡು ವಾಕ್ಯ. 'ಐ ರಿಮೂವ್ಡ್ ದ ಗಾರ್ಡ್. ಇಫ್ ದೇ ಸೇ ರಿಮೂವ್, ಐ ವಾಂಟ್ ಟು ರಿಮೂವ್.'

"ನೀ ಅಲ್ಲಿ ಏನ್ ಹೇಳಿದ್ದಿ? ಇದ್ದದ್ದು ಇದ್ದಂಗ ಹೇಳು" ಎಂದೆ.

"ನಾನ ತಗದೇನ್ರಿ ಅಂತ ಹೇಳೇನಿ. ಅವ್ರು ತಗಿ ಅಂದ್ರ ತಗೀಬೇಕ್ರಿ, ಅಂತ ಹೇಳೇನಿ."

"ಅವ್ರು ಅಂದ್ರ ಯಾರು?"

"ಉಡಚಪ್ಪ ಸಾಹೇಬ್ರು. ಅಲ್ಲೇ ಎದುರಿಗೆ ಕುಂತಿದ್ರು, ಹೆಸರು ಹೆಂಗ ಹಿಡೀಲ್ರಿ? ಗದ್ದಾ ಎತ್ತಿ ತೋರ್ಸೇನಿ."

ನನಗೆ ಸಿಟ್ಟು ನೆತ್ತಿಗೇರಿತು. ಉದ್ದದ ಶಬ್ದಗಳಿಂದ ಯಾರಿಗೂ ಅಪಾಯವಿಲ್ಲ, ನಿಘಂಟು ನೋಡಿದರೆ ಸಿಗುತ್ತವೆ. ಕೈ ಕೊಡುವುದು ಸಣ್ಣವು. ಇಫ್, ವೆನ್, ಹೀ, ದೇ, ಮಸ್ಟ್, ವಾಂಟ್, ಇವು ಅವರ ಕಾರ್ಖಾನೆಯ ಬಿಜಾಗರಿ ಇದ್ದ ಹಾಗೆ. ಹನುಮವ್ವನ ವಾಕ್ಯದಲ್ಲಿ ಅಂಥವು ಮೂರು ಇದ್ದವು. 'ಅವರು' ಎಂದರೆ ಉಡಚಪ್ಪ ಒಬ್ಬನೇ, ಅದು 'ದೇ' ಆಗಿ ಇಡೀ ಗುಂಪಾಯಿತು. 'ಅಂದ್ರ' ಎಂದರೆ ಅವರು ಅಂದಾಗ, ಅಂದದ್ದು ಆಗಿಹೋಗಿದೆ. ಅದು 'ಇಫ್' ಆಗಿ, ಅಂದರೋ ಇಲ್ಲವೋ ಯಾರಿಗೆ ಗೊತ್ತು ಎಂದಾಯಿತು. 'ತಗೀಬೇಕು' ಎಂದರೆ ತೆಗೆಯದೆ ಗತಿಯಿಲ್ಲ, ಅದು 'ವಾಂಟ್' ಆಗಿ ಅವಳ ಆಸೆಯಾಯಿತು. ಗದ್ದ ಎತ್ತಿದ್ದಕ್ಕಂತೂ ಆ ಮಹಾರಾಯನ ಹತ್ತಿರ ಶಬ್ದವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಮಾಡಿದ ಕೆಲಸಕ್ಕೆ ಬೆರಳು ಹೋಯಿತು, ಬಾಯಿ ಬಿಟ್ಟು ಹೇಳಿದ ಸತ್ಯಕ್ಕೆ ಈಗ ಕೆಲಸವೂ ಹೋಗುವುದರಲ್ಲಿತ್ತು.

"ಸಾನ್ವಿ ಯಾಕ ಅತ್ತಳು?" ಎಂದು ಹನುಮವ್ವ ಮತ್ತೆ ಕೇಳಿದಳು.

"ನಿನ್ನ ಬೆರಳು ಹೋಗಲಿ ಅಂತ ನೀನ ಆಸೆ ಪಟ್ಟಿದ್ದಿ ಅಂತ ಬರದಾರ" ಎಂದೆ. ಅವಳು ತನ್ನ ಬ್ಯಾಂಡೇಜು ಸುತ್ತಿದ ಕೈಯನ್ನೊಮ್ಮೆ ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು.

ಗುರುವಾರ ನಾನೂ ಅವಳ ಜೊತೆ ಹೊರಟೆ. ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಫಕೀರೇಶನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ಹನುಮವ್ವನ ಬಗ್ಗೆ ಮರುಕಕ್ಕಿಂತ ಅವನಿಗೆ ಎಲ್ಲರ ಮುಂದೆ ಮುಖಕ್ಕೆ ಮಂಗಳಾರತಿ ಮಾಡುವ ಹುರುಪೇ ಹೆಚ್ಚಿತ್ತು. ವರ್ಷಗಟ್ಟಲೆ ಕೇಳಿದ ಆ 'ಹೌ ವುಡ್ ಯು ಬಿ'ಗೆಲ್ಲ ಒಂದೇ ದಿನ ಉತ್ತರ ಕೊಡಬೇಕಿತ್ತು.

ಆಫೀಸಿನಲ್ಲಿ ಪುಣೆಯ ಅಧಿಕಾರಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಸ್ನೇಹಲ್ ಅಂತ ಹೆಸರು, ಮೂವತ್ತರ ಆಸುಪಾಸಿನ ಹುಡುಗಿ. ಕನ್ನಡ ಒಂದಕ್ಷರ ಬಾರದು. ಪಕ್ಕದಲ್ಲಿ ಉಡಚಪ್ಪ ಹೊಟ್ಟೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ಅಳಿಯನ ಮನೆಗೆ ಊಟಕ್ಕೆ ಬಂದವನ ಹಾಗೆ ಕೂತಿದ್ದ. ಮೂಲೆಯ ಮೇಜಿನಲ್ಲಿ ಫಕೀರೇಶ. ನನ್ನನ್ನು ಕಂಡದ್ದೇ ಎದ್ದು ನಿಂತ, ಮುಖ ಅರಳಿತು. "ಮ್ಯಾಡಮ್, ದೇ ಆರ್ ಮೈ ಟೀಚರ್" ಎಂದು ಸ್ನೇಹಲ್‌ಗೆ ಪರಿಚಯ ಮಾಡಿಕೊಟ್ಟ. ಅವಳು ನನ್ನ ಹಿಂದೆ ಇನ್ನಾರಾದರೂ ಇದ್ದಾರೋ ಎಂದು ಬಾಗಿಲ ಕಡೆ ನೋಡಿದಳು.

ನಾನು ಇಂಗ್ಲಿಷಿನಲ್ಲೇ ಶುರುಮಾಡಿದೆ. ಅವಳು ಕೇಳಿಸಿಕೊಂಡಳು, ನಯವಾಗಿಯೇ ಕೇಳಿಸಿಕೊಂಡಳು, ಆದರೆ ಕಣ್ಣು ಕಾಗದದ ಮೇಲಿತ್ತು. ಕಾಗದದಲ್ಲಿ 'ದೇ' ಎಂದಿದೆ, 'ವಾಂಟ್' ಎಂದಿದೆ, ತಾನೇನು ಮಾಡಲಿ ಎಂದಳು. ಹೀಗೆ ಹೇಳಿದರೆ ಇವಳ ತಲೆಗೆ ಹೋಗುವುದಿಲ್ಲ ಅನ್ನಿಸಿತು. ನಮ್ಮ ಕಡೆ ಹಳಬರಿಗೆ ಮರಾಠಿ ಅಲ್ಪಸ್ವಲ್ಪ ಬಾರದೆ ಇರುವುದಿಲ್ಲ. ಅಂಗಡಿಯಲ್ಲಿ, ಬೀಗರ ಮನೆಯಲ್ಲಿ ಕೇಳಿ ಕಲಿತ ನನ್ನ ಹರಕು ಮರಾಠಿಯಲ್ಲಿ ಹನುಮವ್ವನ ಮಾತನ್ನು ಹಾಗೇ ಇಟ್ಟೆ: "ತೇ ಕಾಢ ಮ್ಹಣಾಲೇ ತರ ಕಾಢಾಯಲಾಚ ಪಾಹಿಜೇ."

ಸ್ನೇಹಲ್ ತಟ್ಟನೆ ತಲೆ ಎತ್ತಿದಳು. ಅವರ 'ತೇ' ಕೂಡ ನಮ್ಮ 'ಅವರು' ಇದ್ದ ಹಾಗೆ, ಒಬ್ಬ ಹಿರಿಯನಿಗೂ ಅದೇ, ಹತ್ತು ಜನಕ್ಕೂ ಅದೇ. ಅವರ 'ಪಾಹಿಜೇ'ಯೂ ನಮ್ಮ 'ಬೇಕು' ಇದ್ದ ಹಾಗೆ, ಚಹಾ ಬೇಕು ಅನ್ನುವುದಕ್ಕೂ ಅದೇ, ಮಾಡಲೇಬೇಕು ಅನ್ನುವುದಕ್ಕೂ ಅದೇ. ಈ ಹುಡುಗಿಯ ತಾಯಿ ದಿನಕ್ಕೆ ನೂರು ಸಲ ಆಡಿರುವ ಮಾತು. ಅದೇ ಮಾತು ಇಂಗ್ಲಿಷಿನ ಅಂಗಿ ತೊಟ್ಟುಕೊಂಡು ಬಂದರೆ ಗುರುತು ಹಿಡಿಯಲಾರದಷ್ಟು ಓದಿಕೊಂಡಿದ್ದಳು. ಕಲಿತವರ ದಡ್ಡತನದ ಮುಂದೆ ಕಲಿಯದವರದು ಏನೂ ಅಲ್ಲ.

"ಮ್ಯಾಡಮ್, ನಾ ಏನೂ ಹೇಳಿಲ್ರಿ" ಎಂದು ಉಡಚಪ್ಪ ಹೊಟ್ಟೆಯ ಮೇಲಿನ ಕೈ ತೆಗೆದ. "ಕಾಗದದಾಗ ನನ್ನ ಹೆಸರು ಎಲ್ಲಿ ಐತಿ, ತೋರಿಸ್ರಿ ನೋಡೂಣು. ಈ ಅಕ್ಕೋರು ಆಕಿ ಓಣ್ಯಾಗ ಇರತಾರ, ಆಕಿ ಪರ ಮಾತಾಡಾಕ ಬಂದಾರ."

ಅದನ್ನು ಫಕೀರೇಶನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಸ್ನೇಹಲ್ ಕಾಗದವನ್ನು ಮತ್ತೊಮ್ಮೆ ಓದಿದಳು. ನೀವು ಹೇಳುವುದು ನನಗೆ ತಿಳಿಯಿತು, ಆದರೆ ಹೆಬ್ಬೆಟ್ಟು ಒತ್ತಿದ ಹೇಳಿಕೆಯನ್ನು ನೆರೆಮನೆಯವರ ಮಾತಿನ ಮೇಲೆ ಬದಲಿಸಿದರೆ ಪುಣೆಯಲ್ಲಿ ಒಪ್ಪುವುದಿಲ್ಲ ಎಂದಳು. ಕೆಲಸ ಹೋಗುವ ಹೊತ್ತಿಗೆ ಮಾತು ತಿರುಗಿಸುತ್ತಿದ್ದಾಳೆ ಅನ್ನುತ್ತಾರೆ. ಇದನ್ನು ಬರೆದವರು 'ಬೇಕು' ಎಂಬುದಕ್ಕೆ ಯಾವಾಗಲೂ 'ವಾಂಟ್' ಎಂದೇ ಬರೆಯುತ್ತಾರೆ ಎನ್ನಲು ಏನಾದರೂ ಆಧಾರ ಇದೆಯೇ?

ನಾನು ಕಾಯುತ್ತಿದ್ದದ್ದು ಆ ಗಳಿಗೆಗೇ. ಫಕೀರೇಶನ ಕಡೆ ತಿರುಗಿದೆ.

"ಏನ್ ಬರದಿಯೋ ಇದು?"

"ಯಾಕ್ರಿ ಅಕ್ಕೋರ, ಸ್ಪೆಲ್ಲಿಂಗ್ ತಪ್ಪೈತೇನ್ರಿ?"

"ಸ್ಪೆಲ್ಲಿಂಗ್ ಅಂತ! ಆಕಿ ಜೀವನಾನ ಹಾಳ ಮಾಡೀದಿ. ತಗೀಬೇಕು ಅನ್ನೂದಕ್ಕ ವಾಂಟ್ ಅಂತ ಬರೀತಾರೇನೋ? ಒಬ್ಬ ಮನಶ್ಯಾಗ ದೇ ಅಂತಾರೇನೋ? ಯಾವ ದಡ್ಡ ಮಾಸ್ತರ ಕಲಿಸಿದ್ನೋ ನಿನಗ ಇದನ್ನ?"

ಫಕೀರೇಶನ ಮುಖ ಸಣ್ಣದಾಯಿತು. ಖಾನೆ ಎಳೆದು, ಪ್ಲಾಸ್ಟಿಕ್ ಸುತ್ತಿದ ಆ ನೋಟ್‌ಬುಕ್ ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಮೇಜಿನ ಮೇಲೆ ಇಟ್ಟ. ಪುಟ ಹುಡುಕಬೇಕಾಗಲಿಲ್ಲ, ಅದೇ ತೆರೆದುಕೊಂಡಿತು.

"ನೋಡ್ರಿ ಮ್ಯಾಡಮ್, ನಾ ನನ್ನ ಮನಸ್ಸಿಗೆ ಬಂದಂಗ ಬರದಿಲ್ಲ" ಎಂದ. ಇಂಗ್ಲಿಷ್ ಮರೆತೇ ಹೋಗಿತ್ತು ಅವನಿಗೆ. "ಅಕ್ಕೋರು ಕಲಿಸಿದ್ದು ತಪ್ಪಾಗೂದಿಲ್ಲ."

ಸಾವಿರದ ಒಂಬೈನೂರ ತೊಂಬತ್ತೇಳು, ಒಂಬತ್ತನೇ ಇಯತ್ತೆ, 'ಅ' ತುಕಡಿ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಅವರು, ದೇ. ಅಂದರೆ, ಇಫ್. ಬೇಕು, ವಾಂಟ್. ಹೌದು, ನಾನೇ ಹಲಗೆಯ ಮೇಲೆ ಬರೆಯುತ್ತಿದ್ದೆ, ಅರವತ್ತು ಮಕ್ಕಳು ರಾಗವಾಗಿ ಕೂಗುತ್ತಿದ್ದರು: ವಾಂಟ್ ಅಂದ್ರ ಬೇಕು, ವಾಂಟ್ ಅಂದ್ರ ಬೇಕು. ಒಂದೊಂದಾಗಿ ನೋಡಿದರೆ ಒಂದೂ ತಪ್ಪಲ್ಲ. ಅವು ಕೂಡಿ ಬಂದರೆ ಏನಾಗುತ್ತದೆ ಎಂಬುದನ್ನು ಮುಂದಿನ ವಾರ ಹೇಳುತ್ತೇನೆ ಎಂದಿದ್ದೆನೋ ಏನೋ, ಆ ಮುಂದಿನ ವಾರ ಬರಲೇ ಇಲ್ಲ. ಪಟ್ಟಿಯ ಕೆಳಗೆ ಮಕ್ಕಳು ತಾವೇ ಮಾಡಬೇಕಾದ ವಾಕ್ಯವಿತ್ತು. 'ಅವರು (ಗುರುಗಳು) ಬಂದರೆ ನಾವು ಎದ್ದು ನಿಲ್ಲಬೇಕು.' ಅದರ ಎದುರಿಗೆ, ಅದೇ ಮುತ್ತಿನಂಥ ಅಕ್ಷರದಲ್ಲಿ: 'ಇಫ್ ದೇ ಕಮ್, ವಿ ವಾಂಟ್ ಟು ಸ್ಟ್ಯಾಂಡ್ ಅಪ್.'

ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ದೊಡ್ಡ ರೈಟ್ ಗುರುತು. 'ಗುಡ್' ಎಂಬ ಶಬ್ದ. ಕೆಳಗೆ ನನ್ನ ಸಹಿ.

ಅರವತ್ತು ನೋಟ್‌ಬುಕ್ ಮುಂದಿಟ್ಟುಕೊಂಡು, ಚಹಾ ಕುಡಿಯುತ್ತ, ಅಕ್ಷರ ದುಂಡಗಿದ್ದಲ್ಲಿ ರೈಟ್ ಎಳೆದುಕೊಂಡು ಹೋದವಳು ನಾನು. ಓದಿದ್ದರೆ ತಾನೆ. ನಾನು ಬಂದಾಗ ಎದ್ದು ನಿಲ್ಲಬೇಕೆಂದು ಯಾವ ಮಗುವಿಗೂ ಆಸೆ ಆಗಿರಲಾರದು, ಅಷ್ಟಾದರೂ ಹೊಳೆಯಬೇಕಿತ್ತು. ಬೆರಳು ಕಚ್ಚಿದ್ದು ಉಡಚಪ್ಪನ ಪ್ರೆಸ್, ಕೆಲಸ ಕಸಿಯುತ್ತಿದ್ದದ್ದು ನನ್ನ ರೈಟ್ ಗುರುತು. ಇಷ್ಟು ವರ್ಷ ನಾನು ಊರೆಲ್ಲ ಹೇಳಿ ನಕ್ಕ ಇಂಗ್ಲಿಷು ನನ್ನದೇ.

ಅಲ್ಲಿದ್ದವರಲ್ಲಿ ಆ ಪುಟದ ಎರಡೂ ಬದಿ ಓದಿ ತಪ್ಪು ಕಾಣಬಲ್ಲವಳು ನಾನೊಬ್ಬಳೇ. ಸ್ನೇಹಲ್‌ಗೆ ಕನ್ನಡ ಬಾರದು. ಉಡಚಪ್ಪನಿಗೆ ಇಂಗ್ಲಿಷ್ ಬಾರದು. ಹನುಮವ್ವನಿಗೆ ಎರಡೂ ಓದಲು ಬಾರದು. ಫಕೀರೇಶನಂತೂ ಅದೆಲ್ಲ ಸರಿಯಾಗಿಯೇ ಇದೆ ಎಂದು ನಂಬಿ ನನ್ನ ಮುಖವನ್ನೇ ನೋಡುತ್ತಿದ್ದ. ಪುಸ್ತಕ ಮುಚ್ಚಿ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಮಾಡಿಬಿಡೋಣ ಎಂದು ನನಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹನುಮವ್ವ ತನ್ನ ಬ್ಯಾಂಡೇಜಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಕುರ್ಚಿ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

"ಆಧಾರ ಕೇಳಿದ್ರಲ್ಲ, ಇದೇ ಆಧಾರ" ಎಂದು ಸ್ನೇಹಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಎಡಗಡೆಯದನ್ನು ಓದಿ ಅರ್ಥ ಹೇಳಿದೆ, ಬಲಗಡೆಯದನ್ನು ಅವಳೇ ಓದಿಕೊಂಡಳು. "ಇವನು ಇಪ್ಪತ್ತೇಳು ವರ್ಷದಿಂದ ಹೀಗೇ ಬರೆಯುತ್ತಿದ್ದಾನೆ. ತಪ್ಪು ಕಲಿಸಿದವಳು ನಾನು. ಈ ಕೆಂಪು ಗುರುತು ನನ್ನದು."

ಸ್ನೇಹಲ್ ಆ ಪುಟದ ಫೋಟೊ ತೆಗೆದುಕೊಂಡಳು. ಇದನ್ನೇ ಬರೆದು ಸಹಿ ಮಾಡಿ ಕೊಡುತ್ತೀರಾ ಎಂದಳು. ನನ್ನ ಚೀಲದಲ್ಲಿ ಇದ್ದದ್ದು ಕೆಂಪು ಪೆನ್ನು ಒಂದೇ. ಮದುವೆ ಕಾರ್ಡಿನ ತಪ್ಪು ತಿದ್ದುವ ಚಟ ನನಗೆ ಇನ್ನೂ ಹೋಗಿಲ್ಲ. ಫಕೀರೇಶ ತನ್ನ ಕಿಸೆಯ ನೀಲಿ ಪೆನ್ನು ತೆಗೆದು ಕೊಟ್ಟ. ನಾನು ಅವನಷ್ಟು ಚೆಂದ ಬರೆಯಲಾರೆ. ಓರೆಕೋರೆ ಅಕ್ಷರದಲ್ಲಿ ಐದು ಸಾಲು ಬರೆದು ಸಹಿ ಹಾಕಿದೆ.

ಆಮೇಲೆ ಹನುಮವ್ವನ ಹೇಳಿಕೆಯನ್ನು ಹೊಸದಾಗಿ ತೆಗೆದುಕೊಂಡರು. ಅವರು ಅಂದ್ರ ಯಾರು ಎಂದು ನಾನು ಕೇಳಿದೆ. ಅವಳು ಮತ್ತೆ ಗದ್ದ ಎತ್ತಿದಳು.

"ಗದ್ದಾ ಬ್ಯಾಡ. ಹೆಸರು ಹೇಳು."

"ಹೆಸರು ಹಿಡದ ಹೇಳಬೇಕೇನ್ರಿ?"

"ಹೇಳಬೇಕು."

ಅವಳು ಉಡಚಪ್ಪನ ಮುಖ ನೋಡಲಿಲ್ಲ, ನೆಲ ನೋಡುತ್ತ ಹೇಳಿದಳು: "ಉಡಚಪ್ಪ ಸಾಹೇಬ್ರು ತಗಿ ಅಂದ್ರು. ನನಗ ಬ್ಯಾಡಾಗಿತ್ರಿ. ತಗೀಬೇಕಾತು." ಆ 'ಬೇಕಾತು' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಐ ಹ್ಯಾಡ್ ಟು' ಎಂದು ಹೇಳಿಕೊಟ್ಟೆ, ಸ್ನೇಹಲ್ ಟೈಪ್ ಮಾಡಿದಳು. ಮೂರೇ ಸಣ್ಣ ಶಬ್ದ. ಉಡಚಪ್ಪನ ಕೈ ಮತ್ತೆ ಹೊಟ್ಟೆಯ ಮೇಲೆ ಹೋಗಲಿಲ್ಲ.

ಹೊರಡುವಾಗ ನಾನು ಎದ್ದೆ. ಫಕೀರೇಶ ಏಳಲಿಲ್ಲ. ತಲೆ ತಗ್ಗಿಸಿ ಕೂತು ನೋಟ್‌ಬುಕ್ಕಿಗೆ ಮತ್ತೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತಿದ್ದ, ಒಂದು ಮೂಲೆ ಮಡಚಲು ಬಾರದೆ ಮತ್ತೆ ಮತ್ತೆ ಬಿಚ್ಚುತ್ತಿದ್ದ. ಶಾಲೆ ಬಿಟ್ಟಂದಿನಿಂದ ಆ ದಿನದವರೆಗೆ ನಾನು ನಿಂತಿದ್ದಾಗ ಅವನು ಕೂತದ್ದನ್ನು ನಾನು ನೋಡಿರಲಿಲ್ಲ. ಅವನ ನೀಲಿ ಪೆನ್ನು ನನ್ನ ಕೈಯಲ್ಲೇ ಉಳಿದಿತ್ತು, ಮನೆಗೆ ಬಂದ ಮೇಲೆ ನೋಡಿಕೊಂಡೆ.

ಹನುಮವ್ವನ ಕೆಲಸ ಉಳಿಯಿತು. ಈಗ ಬಿಜಾಗರಿಗಳನ್ನು ಡಬ್ಬಿಗೆ ತುಂಬುವ ಕಡೆ ಹಾಕಿದ್ದಾರೆ. ಜಾಲರಿ ಏರಿ ಇಳಿಯುವ ಚೌಕಟ್ಟನ್ನು ಯಾರೂ ತೆಗೆಯಲಾಗದ ಹಾಗೆ ಬೆಸುಗೆ ಹಾಕಿಸಿದರು, ಅದನ್ನು ಮೊದಲೇ ಮಾಡಿಸಬಹುದಿತ್ತು ಎಂದು ಪುಣೆಯ ಯಾವ ಜಾಣರಿಗೂ ಹೊಳೆದಿರಲಿಲ್ಲ. ಉಡಚಪ್ಪನನ್ನು ಗೋದಾಮಿಗೆ ಕಳಿಸಿದರು, ಅಲ್ಲಿಯೂ ಕುರ್ಚಿ ಇದೆ. ಇಂಗ್ಲಿಷ್ ಬರೆಯಲು ಡಿಗ್ರಿ ಆದ ಒಬ್ಬಳನ್ನು ಹೊಸದಾಗಿ ತೆಗೆದುಕೊಂಡರು. ಫಕೀರೇಶ ಮತ್ತೆ ಗೇಟಿಗೆ ಹೋದ. ಬಿಸಿಲಲ್ಲಿ ಕೂತು ಲಾರಿಗಳ ನಂಬರು ಬರೆಯುತ್ತಾನೆ, ಅಕ್ಷರ ಮಾತ್ರ ಈಗಲೂ ಹಾಗೇ ಇವೆಯಂತೆ. ತಪ್ಪು ಮಾಡಿದ ಮೂವರಲ್ಲಿ ನೆರಳು ಕಳೆದುಕೊಂಡವನು ಅವನೊಬ್ಬನೇ. ನನ್ನ ಪೆನ್ಶನ್ ತಿಂಗಳ ಮೊದಲನೆಯ ತಾರೀಖು ಬರುತ್ತಲೇ ಇದೆ.

ದಸರೆ ಬಂತು. ಅವನು ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಆದರೂ ಮಧ್ಯಾಹ್ನದಿಂದ ಬಾಗಿಲು ಪೂರ್ತಿ ತೆರೆದಿಟ್ಟು, ಅವನ ಪೆನ್ನನ್ನು ಎದುರಿಗೆ ಮೇಜಿನ ಮೇಲಿಟ್ಟುಕೊಂಡು, ಹಾಲ್‌ನಲ್ಲೇ ಕೂತಿದ್ದೆ. ಸಂಜೆಯ ಹೊತ್ತಿಗೆ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದಾಯಿತು. ಬಂದ. ಕಿಸೆಯಲ್ಲಿ ಒಂದೇ ಪೆನ್ನಿತ್ತು. ಬನ್ನಿ ಕೈಗಿಟ್ಟ, ಕಾಲು ಮುಟ್ಟಿದ, ಎದ್ದು ನಿಂತ. ಗಂಟಲು ಸರಿಮಾಡಿಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಏನೂ ಕೇಳಲಿಲ್ಲ.

"ಇಷ್ಟೆಲ್ಲಾ ಆದಮ್ಯಾಲೂ ಯಾಕ ಬಂದ್ಯೋ?" ಎಂದೆ.

"ಬರಬೇಕ್ರಿ ಅಕ್ಕೋರ, ಅದಕ್ಕ ಬಂದೇನಿ."

ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಅವನದು ಯಾವ 'ಬೇಕು' ಎಂದು ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.